ಗಂಜಿನ ಕಿರ್ದಿ, ಟ್ಯಾಲಿ ಕ್ಲಾಸು, ತೆರಿಗೆ ಸಲಹೆಗಾರರ ಕಚೇರಿ: ಬಿ.ಕಾಂ. ಓದುತ್ತಲೇ ಲೆಕ್ಕದ ಕೆಲಸ ಎಲ್ಲಿ ಕಲಿಯಬೇಕು?

ರಾಯಚೂರಿನಲ್ಲಿ ಬಿ.ಕಾಂ. ಓದಿದ ಮೂರು ವರ್ಷಗಳಲ್ಲಿ ನಾನು ಲೆಕ್ಕಪತ್ರದ ಕೆಲಸವನ್ನು ಬೇರೆ ಬೇರೆ ಕಡೆ ಕಲಿಯಲು ಪ್ರಯತ್ನಿಸಿದೆ. ಮೊದಲು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನ ಮೂರು ತಿಂಗಳ ಕ್ಲಾಸು, ಬಳಿಕ ರೈತರ ಮಾಲು ಮಾರಾಟವಾಗುವ ಮಾರುಕಟ್ಟೆಯಾದ ರಾಜೇಂದ್ರ ಗಂಜಿನ ಒಂದು ದಲಾಲಿ ಅಂಗಡಿ, ಕೊನೆಯ ವರ್ಷ ಒಬ್ಬ ತೆರಿಗೆ ಸಲಹೆಗಾರರ ಕಚೇರಿ. ಇವುಗಳ ನಡುವೆ ಒಮ್ಮೆ ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಮೊದಲ ಹಂತದ ಸಿ.ಎ. ಫೌಂಡೇಶನ್ ಪರೀಕ್ಷೆ. ಇವುಗಳನ್ನು ಸಂಬಳದಿಂದಲೋ ಪ್ರಮಾಣಪತ್ರದಿಂದಲೋ ಅಳೆಯುವವರಿದ್ದಾರೆ. ನಾನು ಅಳೆದದ್ದು ಬೇರೆ ರೀತಿಯಲ್ಲಿ: ನಾನು ಬರೆದ ಅಂಕಿಯನ್ನು ಯಾವುದರ ಜೊತೆ ತಾಳೆ ನೋಡಬೇಕಾಗಿತ್ತು, ತಾಳೆಯಾಗದಿದ್ದರೆ ಯಾರು ಬಂದು ಕೇಳುತ್ತಿದ್ದರು?

ಟ್ಯಾಲಿ ಕ್ಲಾಸಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ನಮ್ಮ ಕೇಂದ್ರದ ಕಂಪ್ಯೂಟರುಗಳಲ್ಲಿ ಟ್ಯಾಲಿ ಪ್ರೈಮ್ ಕಲಿಯುವವರಿಗೆಂದೇ ಇರುವ ಎಜುಕೇಶನಲ್ ಮೋಡ್‌ನಲ್ಲಿ ಇತ್ತು. ಈ ಮೋಡ್‌ನಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖುಗಳಿಗೆ ಮಾತ್ರ ವೋಚರ್, ಅಂದರೆ ವ್ಯವಹಾರದ ದಾಖಲೆ, ಹಾಕಬಹುದಾದ್ದರಿಂದ, ನಾವು ಕಟ್ಟಿದ ಕಂಪನಿಗಳೆಲ್ಲ ತಿಂಗಳಿಗೆ ಹೆಚ್ಚೆಂದರೆ ಮೂರೇ ದಿನ ವ್ಯಾಪಾರ ಮಾಡುತ್ತಿದ್ದವು. ಎಫ್5 ಒತ್ತಿದರೆ ಪಾವತಿ, ಎಫ್6 ಸ್ವೀಕೃತಿ, ಎಫ್8 ಮಾರಾಟ, ಎಫ್9 ಖರೀದಿ ಎಂಬುದು ಕೈಗೆ ಹತ್ತಿತು, ಬೆರಳಿನ ವೇಗವೂ ಬಂತು. ಆದರೆ ಪುಸ್ತಕದಲ್ಲಿ ಕೊಟ್ಟ ಅಂಕಿಯನ್ನು ಪರದೆಗೆ ಇಳಿಸಿದರೆ ಎರಡೂ ಬದಿಯ ಮೊತ್ತ ಸಮವೇ ಎಂದು ತೋರಿಸುವ ಟ್ರಯಲ್ ಬ್ಯಾಲೆನ್ಸ್ ತಾನಾಗಿಯೇ ಸರಿಹೊಂದುತ್ತಿತ್ತು, ತಪ್ಪು ಅಂಕಿಯನ್ನು ಇಳಿಸಿದರೂ ಸರಿಹೊಂದುತ್ತಿತ್ತು. ಅದೇ ಎಜುಕೇಶನಲ್ ಮೋಡ್ ಮನೆಯಲ್ಲಿ ಉಚಿತವಾಗಿ ಇಳಿಸಿಕೊಂಡು ಅಭ್ಯಾಸ ಮಾಡಲು ಸಿಗುತ್ತದೆ ಎಂಬ ಸಂಗತಿಯನ್ನು ಶುಲ್ಕ ಕಟ್ಟುವ ಮೊದಲು ಯಾರೂ ಹೇಳಲಿಲ್ಲ ಎಂಬ ಬೇಸರ ನನಗೆ ಈಗಲೂ ಇದೆ.

ಗಂಜಿನ ಅಂಗಡಿಗೆ ನಾನು ಸೇರಿದ್ದು ಹತ್ತಿಯ ಸುಗ್ಗಿಯಲ್ಲಿ. ಕಾಲೇಜು ಮುಗಿಸಿ ಸಂಜೆ ಮೂರು ಗಂಟೆಗಳ ಕೆಲಸ, ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಅಲ್ಲಿ ಕಂಪ್ಯೂಟರ್ ಇತ್ತಾದರೂ ದಿನದ ಲೆಕ್ಕ ಮೊದಲು ಕೈಬರಹದ ಕಿರ್ದಿಗೆ, ಅಂದರೆ ದಿನವಹಿಗೆ ಹೋಗಿ, ಅನಂತರ ಖಾತೆಗೆ, ಎಲ್ಲಕ್ಕಿಂತ ಕೊನೆಗೆ ಕಂಪ್ಯೂಟರಿಗೆ ಹೋಗುತ್ತಿತ್ತು. ಕಾಲೇಜಿನಲ್ಲಿ ಖರ್ಚಿನ (ಡೆಬಿಟ್) ಬದಿ ಎಡಕ್ಕೆ, ಜಮಾ (ಕ್ರೆಡಿಟ್) ಬದಿ ಬಲಕ್ಕೆ ಎಂದು ಕಲಿತಿದ್ದ ನನಗೆ, ಆ ಕೆಂಪು ಬಟ್ಟೆಯ ಹೊದಿಕೆಯ ಖಾತೆಪುಸ್ತಕದಲ್ಲಿ ರೈತರ ಖಾತೆಯ ಜಮಾ ಎಡಕ್ಕೂ ಖರ್ಚು ಬಲಕ್ಕೂ ಇದ್ದುದನ್ನು ಕಂಡು ಮೊದಲ ವಾರವೆಲ್ಲ ತಲೆ ತಿರುಗಿತು. ವರ್ಷದ ಆರಂಭವೂ ಅಲ್ಲಿ ಎರಡು: ಹೊಸ ಕಿರ್ದಿಗೆ ಪೂಜೆಯಾಗುವುದು ದೀಪಾವಳಿಗೆ, ತೆರಿಗೆಗಾಗಿ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ.

ನನಗೆ ಪಾಠ ಕಲಿಸಿದ್ದು ಒಬ್ಬ ರೈತರ ಪಟ್ಟಿ, ಅಂದರೆ ಮಾಲಿನ ತೂಕ, ದರ, ಕಡಿತ ಬರೆದುಕೊಡುವ ಚೀಟಿ. 12.40 ಕ್ವಿಂಟಲ್ ಹತ್ತಿ, ಕ್ವಿಂಟಲಿಗೆ 7,200 ರೂಪಾಯಿಯಂತೆ 89,280. ಅದರಲ್ಲಿ ಬೀಜ, ಗೊಬ್ಬರಕ್ಕೆಂದು ಮೊದಲೇ ಪಡೆದಿದ್ದ ಮುಂಗಡ 25,000 ಮತ್ತು ಹಮಾಲಿ 310 ಕಳೆದು, ಕೈಗೆ 63,970 ರೂಪಾಯಿ ಕೊಟ್ಟೆವು. ಪಟ್ಟಿಯಲ್ಲಿ ಸರಿಯಾಗಿ ಬರೆದ ನಾನು ಕಿರ್ದಿಯಲ್ಲಿ 69,370 ಎಂದು ಬರೆದೆ. ರಾತ್ರಿ ಪೆಟ್ಟಿಗೆಯ ನಗದು ಎಣಿಸಿದಾಗ ಪುಸ್ತಕಕ್ಕಿಂತ 5,400 ರೂಪಾಯಿ ಹೆಚ್ಚು ಬಂತು. ಹೆಚ್ಚು ಬಂದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡಿದ್ದ ನನ್ನನ್ನು ಹಿರಿಯ ಗುಮಾಸ್ತರು ಮನೆಗೆ ಬಿಡಲಿಲ್ಲ. ಹೆಚ್ಚು ಉಳಿದ ಹಣವೆಂದರೆ ಯಾರಿಗೋ ಕಡಿಮೆ ಕೊಟ್ಟ ಹಣವೂ ಆಗಿರಬಹುದು ಎಂಬುದು ಅವರ ಲೆಕ್ಕ. "ಫರಕು ಒಂಬತ್ತರಿಂದ ಭಾಗ ಹೋಗ್ತದೇನು ನೋಡು, ತಮ್ಮಾ" ಎಂದರು. 5,400 ಶೇಷವಿಲ್ಲದೆ ಭಾಗ ಹೋಯಿತು. ಹಾಗೆ ಭಾಗ ಹೋದರೆ ಎರಡು ಅಂಕಿಗಳು ಸ್ಥಳ ಬದಲಿಸಿರುವ ಸಂಭವ ಹೆಚ್ಚು ಎಂದು ವಿವರಿಸಿ, ಆ ದಿನದ ಪಾವತಿಗಳಲ್ಲಿ ಅಂಥದ್ದನ್ನೇ ಹುಡುಕಲು ಹೇಳಿದರು. ಹತ್ತು ನಿಮಿಷದಲ್ಲಿ ಸಿಕ್ಕಿತು. ಇದೇ ತಪ್ಪನ್ನು ಕ್ಲಾಸಿನಲ್ಲಿ ಮಾಡಿದ್ದರೆ, ಪಾವತಿ ವೋಚರಿನ ಎರಡೂ ಬದಿಗೆ 69,370 ಕುಳಿತು, ಎಲ್ಲವೂ ಸರಿಯಿದೆ ಎಂದು ಪರದೆ ತೋರಿಸುತ್ತಿತ್ತು. ಅಲ್ಲಿ ಎಣಿಸಲು ಪೆಟ್ಟಿಗೆಯೇ ಇರಲಿಲ್ಲ.

ಅಂಗಡಿಯ ಕೊರತೆಯನ್ನೂ ಹೇಳಬೇಕು. ಸುಗ್ಗಿ ಮುಗಿದ ಮೇಲೆ ಹೊಸದೇನೂ ಬರಲಿಲ್ಲ. ಅದೇ ಪಟ್ಟಿ, ಅದೇ ಉದ್ರಿ ವಸೂಲಿ, ನಡುವೆ ಚಹಾ ತರಿಸುವ ಕೆಲಸ. ತೆರಿಗೆಯ ಕಾಗದಗಳು ತಿಂಗಳಿಗೊಮ್ಮೆ ಚೀಲದಲ್ಲಿ ತುಂಬಿ ಹೊರಗೆ ಹೋಗುತ್ತಿದ್ದವು, ಮುಂದೆ ಅವು ಏನಾಗುತ್ತವೆ ಎಂದು ಅಲ್ಲಿದ್ದ ಯಾರಿಗೂ ಕುತೂಹಲವಿರಲಿಲ್ಲ.

ಆ ಚೀಲಗಳು ಬಂದು ಸೇರುವ ಕಡೆಯೇ ತೆರಿಗೆ ಸಲಹೆಗಾರರ ಕಚೇರಿ. ಅಲ್ಲಿ ತಿಂಗಳನ್ನು ತಾರೀಖುಗಳೇ ಆಳುತ್ತವೆ: ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ರೊಳಗೆ, ಖರೀದಿಯ ತೆರಿಗೆ ಜಮೆ (ಖರೀದಿಯ ಮೇಲೆ ಆಗಲೇ ಕಟ್ಟಿದ, ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಮೊತ್ತ) ತೋರಿಸುವ 2ಬಿ 14ಕ್ಕೆ, ತೆರಿಗೆ ಕಟ್ಟಿ ಸಲ್ಲಿಸುವ 3ಬಿ 20ರೊಳಗೆ. ತಡವಾದರೆ ಸಾಮಾನ್ಯವಾಗಿ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ. ಗಂಜಿನಲ್ಲಿ ನಾನು ಪಟ್ಟಿ ಬರೆದು ಮರೆತಿದ್ದ ಹತ್ತಿ ಇಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನ ಲೆಕ್ಕದಲ್ಲಿ ಮತ್ತೆ ಎದುರಾಯಿತು. ರೈತ ತೆರಿಗೆ ಕಟ್ಟುವುದಿಲ್ಲ. ಅವನಿಂದ ಹಸಿ ಹತ್ತಿ ಕೊಂಡ ನೋಂದಾಯಿತ ವ್ಯಾಪಾರಿಯೇ, ಮಾರಿದವನ ಬದಲು ಕೊಂಡವನು ತೆರಿಗೆ ಕಟ್ಟುವ ರಿವರ್ಸ್ ಚಾರ್ಜ್ ಪ್ರಕಾರ, ಶೇ. 5ರಷ್ಟನ್ನು ಕಟ್ಟಬೇಕು, ಅದನ್ನೂ ಖಾತೆಯಲ್ಲಿರುವ ಜಮೆಯಿಂದ ಹೊಂದಿಸದೆ ನಗದಾಗಿಯೇ ಕಟ್ಟಿ, ಆಮೇಲೆ ಜಮೆ ಪಡೆಯಬೇಕು. ಪುಸ್ತಕದಲ್ಲಿ ನಾಲ್ಕು ಸಲ ಓದಿಯೂ ತಿಳಿಯದಿದ್ದ ಈ ನಿಯಮ, ಸುಗ್ಗಿಯಲ್ಲಿ ಮಿಲ್ಲಿನವರು ನಗದಿಗಾಗಿ ಏಕೆ ಪರದಾಡುತ್ತಾರೆ ಎಂಬುದನ್ನು ಕಂಡ ಮೇಲೆ ತಿಳಿಯಿತು.

ಇಲ್ಲಿ ತಾಳೆ ನೋಡುವುದು ಜಿಎಸ್‌ಟಿ ಪೋರ್ಟಲಿನ ಜೊತೆ, ಅಂದರೆ ಇನ್ನೊಬ್ಬರ ಲೆಕ್ಕದ ಜೊತೆ. ರಾಯಚೂರು ಗಡಿ ಜಿಲ್ಲೆಯಾದ್ದರಿಂದ ಒಂದೇ ಕಟ್ಟಿನಲ್ಲಿ ಕರ್ನಾಟಕದ 29, ತೆಲಂಗಾಣದ 36, ಆಂಧ್ರದ 37 ಹೀಗೆ ಮೂರು ಸಂಕೇತಗಳಿಂದ ಆರಂಭವಾಗುವ ಜಿಎಸ್‌ಟಿ ಸಂಖ್ಯೆಗಳಿರುತ್ತವೆ, ಅದನ್ನು ನೋಡದೆ ರಾಜ್ಯದೊಳಗಿನ ಮಾರಾಟದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿದರೆ, ಬೇರೆ ರಾಜ್ಯದ ಮಾರಾಟಕ್ಕೆಂದು ಐಜಿಎಸ್‌ಟಿ ಆಗಬೇಕಾದ ಬಿಲ್ಲು ಕೆಡುತ್ತದೆ. ನಾನು ಕೆಡಿಸಿದ್ದು ಬೇರೆ ರೀತಿಯಲ್ಲಿ. ಒಂದೇ ದೇವರ ಹೆಸರಿನ ಎರಡು ಟ್ರೇಡರ್ಸ್‌ಗಳಲ್ಲಿ ಒಬ್ಬರ ಬಿಲ್ಲನ್ನು ಇನ್ನೊಬ್ಬರ ಸಂಖ್ಯೆಗೆ ಹಾಕಿದೆ. ಸಂಖ್ಯೆ ಸರಿಯಾದದ್ದೇ ಆಗಿದ್ದರಿಂದ ಪೋರ್ಟಲ್ ಮಾತಿಲ್ಲದೆ ಒಪ್ಪಿಕೊಂಡಿತು. ಜಮೆ ಸಿಗದ ವ್ಯಾಪಾರಿ ನಮ್ಮ ಕಕ್ಷಿದಾರರ ಹಣವನ್ನು ತಡೆಹಿಡಿದರು. ಮುಂದಿನ ತಿಂಗಳ ಜಿಎಸ್‌ಟಿಆರ್-1ರಲ್ಲಿ ತಿದ್ದುಪಡಿ ಸಲ್ಲಿಸುವವರೆಗೆ ನಾನು ಇಬ್ಬರ ಫೋನನ್ನೂ ಎತ್ತಬೇಕಾಯಿತು.

ಸಿ.ಎ. ಫೌಂಡೇಶನ್ನಿನ ಬಗ್ಗೆ ಹೆಚ್ಚು ಹೇಳುವ ಅಧಿಕಾರ ನನಗಿಲ್ಲ. ಬಳ್ಳಾರಿಯ ಕೇಂದ್ರದಲ್ಲಿ ಬರೆದು, ನಾಲ್ಕೂ ಪತ್ರಿಕೆಗಳಲ್ಲಿ 40 ದಾಟಿಯೂ ಒಟ್ಟು 400ಕ್ಕೆ 187 ಬಂದದ್ದರಿಂದ ಶೇ. 50ರ ಗಡಿ ಮುಟ್ಟಲಿಲ್ಲ. ಪರೀಕ್ಷೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದವರಿಗೆ ವ್ಯವಹಾರ ಕಾನೂನಿನ ಪತ್ರಿಕೆ ಎರಡು ಪಟ್ಟು ಕಷ್ಟ, ವಸ್ತುನಿಷ್ಠ ಪತ್ರಿಕೆಗಳಲ್ಲಿ ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಬಿ.ಕಾಂ.ನಲ್ಲಿ ಶೇ. 55 ಪಡೆದವರು ಫೌಂಡೇಶನ್ ಇಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದಾದ್ದರಿಂದ, ಆಗಲೇ ಪದವಿಯಲ್ಲಿರುವವರು ಸಂಜೆಯ ಕೆಲಸ ಬಿಟ್ಟು ಇದಕ್ಕೆ ಕೂರುವುದು ನನಗೆ ಸರಿ ಕಾಣುವುದಿಲ್ಲ. ಪಿಯುಸಿ ಮುಗಿದ ಕೂಡಲೇ ಆರಂಭಿಸುವವರ ಮಾತು ಬೇರೆ.

ಒಂದನ್ನೇ ಆರಿಸಬೇಕೆಂದರೆ ನಾನು ತೆರಿಗೆ ಸಲಹೆಗಾರರ ಕಚೇರಿಯನ್ನೇ ಹೇಳುತ್ತೇನೆ, ಆದರೆ ಮೊದಲು ಒಂದು ಸುಗ್ಗಿಯನ್ನಾದರೂ ಅಂಗಡಿಯಲ್ಲಿ ಕಳೆದು, ಆಮೇಲೆ ಅಲ್ಲಿಗೆ ಹೋಗುವುದು ಮೇಲು. ಟ್ಯಾಲಿಯನ್ನು ಮನೆಯಲ್ಲೇ ಹದಿನೈದು ದಿನ ಕೂತು ಕಲಿಯಬಹುದು. ಈ ಸಲಹೆ ಎಲ್ಲರಿಗೂ ಒದಗುವುದಿಲ್ಲ ಎಂಬುದು ನನ್ನ ತಂಗಿ ಬಿ.ಕಾಂ. ಸೇರಿದಾಗ ಅರಿವಾಯಿತು. ಗಂಜಿನಲ್ಲಿ ನಾನು ವಿಚಾರಿಸಿದ ಮೂರು ಅಂಗಡಿಗಳಲ್ಲೂ ಸಂಜೆಯ ಲೆಕ್ಕಕ್ಕೆ ಹುಡುಗಿಯರನ್ನು ಇಟ್ಟುಕೊಳ್ಳುವುದಿಲ್ಲ ಎಂದರು. ಆದ್ದರಿಂದ ಅವಳು ನಮ್ಮ ಓಣಿಯ ಕಿರಾಣಿ ಅಂಗಡಿಯ ಕಿರ್ದಿಯನ್ನು ದಿನಾ ರಾತ್ರಿ ಬರೆಯುತ್ತಿದ್ದಾಳೆ. ಕಳೆದ ವಾರ ಪೆಟ್ಟಿಗೆಯಲ್ಲಿ 40 ರೂಪಾಯಿ ಕಡಿಮೆ ಬಂದದ್ದಕ್ಕೆ ಒಂಬತ್ತರಿಂದ ಭಾಗಿಸಿ ನೋಡಿದಳು, ಭಾಗ ಹೋಗಲಿಲ್ಲ. ಹಾಲಿನವರಿಗೆ ಕೊಟ್ಟದ್ದನ್ನು ಅಂಗಡಿಯ ಅಜ್ಜ ಬರೆಸುವುದನ್ನೇ ಮರೆತಿದ್ದರು.