ಗಾಳಿ ತುಂಬುವ ಪ್ಯಾಡಲ್‌ಬೋರ್ಡಿನ ಅಂಚಿಗೆ ಟೇಪೋ, ಪಿವಿಸಿ ಪಟ್ಟಿಯೋ?

ನಿಂತು ಹುಟ್ಟು ಹಾಕುವಾಗ ಹುಟ್ಟು ಉಜ್ಜಿ ಪ್ಯಾಡಲ್‌ಬೋರ್ಡಿನ ಅಂಚು ಸವೆಯುತ್ತದೆ. ಅದನ್ನು ತಡೆಯಲು ಗಟ್ಟಿ ಬೋರ್ಡಿಗೆಂದು ಮಾಡಿದ ಪಾರದರ್ಶಕ ರೈಲ್ ಟೇಪನ್ನು (ರೈಲ್ ಅಂದರೆ ಬೋರ್ಡಿನ ಅಂಚು) ಗಾಳಿ ಬೋರ್ಡಿಗೂ ಹಚ್ಚಬಹುದು. ಆದರೆ ಬಹಳ ದಿನ ನಿಲ್ಲುವುದಿಲ್ಲ. ಫೈಬರ್‌ಗ್ಲಾಸ್ ಮೈ ಬಾಗುವುದಿಲ್ಲ. ಪಿವಿಸಿ ಮೈ ಗಾಳಿ ತೆಗೆದು ಸುತ್ತಿದಾಗಲೆಲ್ಲ ಮಡಚಿಕೊಳ್ಳುತ್ತದೆ, ಟೇಪಿನ ತುದಿ ಆ ಮಡಿಕೆಯಲ್ಲೇ ಏಳುತ್ತದೆ. ಎದ್ದ ತುದಿಯೊಳಗೆ ಮರಳು ಹೊಕ್ಕರೆ ಉಜ್ಜುಕಾಗದ ಇಟ್ಟ ಹಾಗೆಯೇ. ಜೊತೆಗೆ ಪಿವಿಸಿಯನ್ನು ಮೆದುವಾಗಿಡುವ ಪ್ಲಾಸ್ಟಿಸೈಸರ್ ನಿಧಾನವಾಗಿ ಒಸರಿ ಟೇಪಿನ ಅಂಟನ್ನು ಲೋಳೆ ಮಾಡುತ್ತದೆ. ಸದಾ ಗಾಳಿ ತುಂಬಿಯೇ ಇಡುವ ಬೋರ್ಡಾದರೆ ಮಾತ್ರ ಟೇಪ್ ಪರವಾಗಿಲ್ಲ.

ಅದಕ್ಕಿಂತ ಎಷ್ಟೋ ಮೇಲು ಪಿವಿಸಿ ಬಟ್ಟೆಯ ಪಟ್ಟಿ ಮತ್ತು ಎಚ್‌ಎಚ್-66 ವಿನೈಲ್ ಸಿಮೆಂಟ್ ಎಂಬ ಅಂಟು. ಎರಡು ಡಬ್ಬಿ ಬೆರೆಸುವ ಗೋಜಿಲ್ಲ. ಬೋರ್ಡಿನ ಜೊತೆ ಬರುವ ರಿಪೇರಿ ಕಿಟ್‌ನಲ್ಲಿ ತೇಪೆ, ವಾಲ್ವ್ ಕೀಲಿ ಇರುತ್ತವೆ. ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಅಂಟು ಎಷ್ಟೋ ಸಲ ಇರುವುದೇ ಇಲ್ಲ.

ಸವೆತ ಎಷ್ಟಾಗಿದೆ ಅನ್ನುವುದು ಮುಖ್ಯ. ಬಣ್ಣ ಮಾತ್ರ ಹೋಗಿದ್ದರೆ ಅವಸರವಿಲ್ಲ. ಉಗುರಿಗೆ ನೂಲಿನ ಚೌಕುಳಿ ತಗುಲಿದರೆ ಮೇಲಿನ ಪದರ ಹೋಗಿ ಒಳಗಿನ ನೇಯ್ಗೆ ಹೊರಬಿದ್ದಿದೆ ಅಂತಲೇ ಅರ್ಥ. ಅದೇ ಪಟ್ಟಿ ಹಾಕುವ ಹೊತ್ತು. ಸೋಪಿನ ನೀರು ಸವರಿದಾಗ ಅಂಚಿನ ಜೋಡಣೆಯ ಗುಂಟ ಗುಳ್ಳೆ ಬಂದರೆ ಮೇಲೊಂದು ಪಟ್ಟಿ ಸಾಲದು. ಗಾಳಿ ಅದರಡಿಯಲ್ಲೇ ಸರಿದು ಇನ್ನೊಂದು ಕಡೆ ಹೊರಬೀಳುತ್ತದೆ. ಬಿಟ್ಟ ಜೋಡಣೆಯನ್ನೇ ಬಿಡಿಸಿ ಅಂಟಿಸಬೇಕು.

ಸೋರಿಕೆ ಇಲ್ಲದಿದ್ದರೆ ಬೋರ್ಡು ಆಕಾರಕ್ಕೆ ಬರುವಷ್ಟು, 2–3 ಪಿಎಸ್‌ಐ ಗಾಳಿ ಇರಲಿ. ಆಗ ಅಂಚಿನ ದುಂಡನೆಯ ಬಾಗಿಗೆ ಪಟ್ಟಿ ಸುಕ್ಕಿಲ್ಲದೆ ಕೂರುತ್ತದೆ. ಸೋರುತ್ತಿದ್ದರೆ ಗಾಳಿ ಪೂರ್ತಿ ತೆಗೆಯಲೇಬೇಕು, ಇಲ್ಲವಾದರೆ ಹಸಿ ಅಂಟಿನೊಳಗೆ ಗಾಳಿ ಕಾಲುವೆ ಕೊರೆಯುತ್ತದೆ. ಪಟ್ಟಿ ಸವೆದ ಜಾಗಕ್ಕಿಂತ ಸುತ್ತಲೂ 5 ಸೆಂ.ಮೀ. ಹೆಚ್ಚಿರಲಿ, ಮೂಲೆ ಗುಂಡಗಿರಲಿ. ಚೂಪು ಮೂಲೆಯೇ ಮೊದಲು ಏಳುವುದು. ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಎರಡೂ ಮೈ ಒರೆಸಿ ಒಣಗಿಸಿ. ಎರಡೂ ಕಡೆ ತೆಳ್ಳಗೆ ಅಂಟು ಬಳಿದು ಆರಲು ಬಿಡಿ, ಮತ್ತೊಮ್ಮೆ ಬಳಿಯಿರಿ. ಬೆರಳಿಗೆ ಜಿಗುಟು ತಾಗಿ, ಬೆರಳು ಎತ್ತಿದರೆ ಎಳೆ ಬಾರದ ಹದದಲ್ಲಿ ನಡುವಿನಿಂದ ಹೊರಗೆ ಒತ್ತುತ್ತ ಕೂರಿಸಿ. ಚಮಚದ ಬೆನ್ನಿನಿಂದ ಬಲವಾಗಿ ಉಜ್ಜಿ. 24 ಗಂಟೆ ಮುಟ್ಟಬೇಡಿ. ಆಮೇಲಷ್ಟೇ 12–15 ಪಿಎಸ್‌ಐ.

ಕೆಡುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ದಪ್ಪಗೆ ಬಳಿದರೆ ದ್ರಾವಕ ಒಳಗೇ ಸಿಕ್ಕಿ ಪಟ್ಟಿ ಉಬ್ಬುತ್ತದೆ. ತೇವದ ಹವೆಯಲ್ಲಿ ಬಳಿದರೆ ದ್ರಾವಕ ಆರುತ್ತ ಮೈಯನ್ನು ತಣ್ಣಗಾಗಿಸಿ ಕಣ್ಣಿಗೆ ಕಾಣದಷ್ಟು ನೀರು ಕೂರಿಸುತ್ತದೆ, ಹಿಡಿತ ಹೋಗುತ್ತದೆ. ಈ ಅಂಟಿನ ವಾಸನೆ ಬಲು ಘಾಟು. ಬಯಲಲ್ಲೇ ಕೆಲಸ ಮಾಡಿ, ಬೆಂಕಿ ಹತ್ತಿರವಿರಬಾರದು.

ಹೊಸ ಬೋರ್ಡಿಗೆ ಮುಂಚೆಯೇ ಹಾಕುವುದಾದರೆ ಇಡೀ ಅಂಚಿಗೆ ಬೇಕಿಲ್ಲ. ನಿಲ್ಲುವ ಜಾಗದಿಂದ ಸ್ವಲ್ಪ ಮುಂದೆ, ಹುಟ್ಟಿನ ಹಿಡಿಕೆ ಉಜ್ಜುವ ಕಡೆ, ಎರಡೂ ಬದಿ ಹಾಕಿದರೆ ಸಾಕು. ಹುಟ್ಟಿನ ಅಲಗಿನ ಅಂಚಿಗೂ ಒಂದು ರಬ್ಬರ್ ಗಾರ್ಡ್ ಹಾಕಿ; ಬೋರ್ಡನ್ನು ಕೆತ್ತುವುದು ಆ ಅಂಚೇ.