ಖಾರಾ ಬನ್ ಕಾವಲಿ ಮೇಲೇ ಬಿಸಿಯಾಗಲಿ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಹಳೇ ಅಯ್ಯಂಗಾರ್ ಬೇಕರಿಯ ಬಗ್ಗೆ ಬರೆಯುತ್ತಿದ್ದೇನೆ. ಮನೆಮಂದಿಯೆಲ್ಲ ಸೇರಿ ವರ್ಷಗಳಿಂದ ಹೋಗಿಬರುವ ಜಾಗ ಇದು. ಒಂದು ದೂರೂ ಇರುವುದರಿಂದ ಹೆಸರು ಹಾಕಿಲ್ಲ. ಒಳಗೆ ಸೌದೆ ಒಲೆ, ಮುಂದೆ ಗಾಜಿನ ಕಪಾಟು, ಎಡಗಡೆ ಟೋಸ್ಟ್ ಕಾವಲಿ, ಹೊರಗೆ ಎರಡು ಕಲ್ಲುಬೆಂಚು. ಏನೇನು ಸಿಗುತ್ತದೆ ಅಂತ ಪಟ್ಟಿ ಕೊಡುವುದಿಲ್ಲ, ಅಯ್ಯಂಗಾರ್ ಬೇಕರಿ ಅಂದಮೇಲೆ ಎಲ್ಲರಿಗೂ ಗೊತ್ತಿರುವುದೇ.

ಹೋಗುವ ಹೊತ್ತನ್ನು ಒಲೆ ನೋಡಿ ಗೊತ್ತುಮಾಡಿಕೊಳ್ಳಬೇಕು. ಸೌದೆ ಒಲೆಯಲ್ಲಿ ಶಾಖ ಏರಿಸುವ ಗುಂಡಿ ಇಲ್ಲ. ಒಳಗೇ ಉರಿ ಹಾಕಿ, ಇಟ್ಟಿಗೆ ಕಾದಮೇಲೆ ಕೆಂಡ ಎಳೆದು, ಒದ್ದೆ ಗೋಣಿಯಲ್ಲಿ ನೆಲ ಒರೆಸುತ್ತಾರೆ. ಆಮೇಲೆ ಶಾಖ ಇಳಿಯುತ್ತಾ ಹೋಗುವುದೇ ಹೊರತು ಏರುವುದಿಲ್ಲ. ಹಾಗಾಗಿ ಮೊದಲ ಜೋರು ಕಾವಿಗೆ ಬ್ರೆಡ್ಡು, ಬನ್ನು. ಕಾವು ಇಳಿದಮೇಲೆ ಕೇಕು, ಬಿಸ್ಕತ್ತು. ಕೊನೆಗೆ ಉಳಿದ ಬೆಚ್ಚಗಿನಲ್ಲಿ ರಸ್ಕ್ ಒಣಗುತ್ತದೆ. ಈ ಅಂಗಡಿಯಲ್ಲಿ ಸಂಜೆಯ ಖಾರಾ ಬನ್ ನಾಲ್ಕೂಕಾಲರ ಸುಮಾರಿಗೆ ಹೊರಗೆ ಬರುತ್ತದೆ. ನಾಲ್ಕಕ್ಕೆ ಹೋಗಿ ಬೆಂಚು ಹಿಡಿದರೆ ಮಕ್ಕಳು, ವಯಸ್ಸಾದವರು ಕೂತುಕೊಳ್ಳಬಹುದು. ಐದಾದರೆ ನಿಂತೇ ತಿನ್ನಬೇಕು.

ಖಾರಾ ಬನ್ ಇಲ್ಲಿ ನಿಜಕ್ಕೂ ಚೆನ್ನಾಗಿದೆ. ಈರುಳ್ಳಿ ಧಾರಾಳ, ಹಸಿಮೆಣಸಿನಕಾಯಿ ಸಣ್ಣಗೆ ಹೆಚ್ಚಿದ್ದು, ಕೊತ್ತಂಬರಿ ಜೊತೆಗೆ ಸಬ್ಬಸಿಗೆ ಸೊಪ್ಪು. ಈರುಳ್ಳಿ ಉಪ್ಪು ತಾಗಿದ ಕೂಡಲೇ ನೀರು ಬಿಡುತ್ತದೆ. ಮೊದಲೇ ಹಾಕಿ ನಾದಿದರೆ ಹಿಟ್ಟು ಸಡಿಲವಾಗಿ, ಬೆಂದಮೇಲೂ ಈರುಳ್ಳಿ ಸುತ್ತ ಹಸಿಹಸಿ ಗೆರೆ ಉಳಿಯುತ್ತದೆ. ಇವರು ಹಿಟ್ಟು ಪೂರ್ತಿ ನಾದಿದಮೇಲೆ ಕೊನೆಗೆ ಸೇರಿಸುತ್ತಾರೆ, ಬನ್ ಮುರಿದರೆ ಅದು ಕಾಣುತ್ತದೆ. ಕೊಳ್ಳುವಾಗ ಪಕ್ಕದಲ್ಲಿ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ ನೋಡಿ. ಗುಳಿ ತಕ್ಷಣ ಮೇಲೆದ್ದರೆ ಅವತ್ತಿನದು. ಕುಸಿದೇ ಉಳಿದರೆ ಒಳಗೆ ಸರಿಯಾಗಿ ಬೆಂದಿಲ್ಲ.

ದೂರು ಇರುವುದು ಆಮೇಲಿನ ಕೆಲಸದ ಬಗ್ಗೆ. ಸ್ವಲ್ಪ ಕಾಲದಿಂದ ಕೌಂಟರಿನ ಮೇಲೆ ಮೈಕ್ರೋವೇವ್ ಬಂದು ಕೂತಿದೆ. ಬನ್ ಇರಲಿ, ಪಫ್ಸ್ ಇರಲಿ, ದಿಲ್‌ಪಸಂದ್ ಇರಲಿ, ಕೇಳುವ ಮೊದಲೇ ಒಳಗಿಟ್ಟು ಮೂವತ್ತು ಸೆಕೆಂಡು ತಿರುಗಿಸಿ ಕೊಡುತ್ತಾರೆ. ಬಿಸಿಯಾಗಿದೆ ಅಂತ ಜನ ಖುಷಿಪಡುತ್ತಾರೆ. ಎರಡು ನಿಮಿಷ ಬಿಟ್ಟು ಅದೇ ಬನ್ ಎಳೆದು ನೋಡಿ, ರಬ್ಬರಿನ ಹಾಗೆ ಜಗ್ಗುತ್ತದೆ. ಮೈಕ್ರೋವೇವ್ ಮುಖ್ಯವಾಗಿ ಒಳಗಿನ ನೀರನ್ನು ಕಾಯಿಸುತ್ತದೆ. ಆ ಹಬೆ ಹೊರಗೆ ಹೋಗುತ್ತಾ ಮೇಲ್ಪದರವನ್ನು ಒದ್ದೆ ಮಾಡುತ್ತದೆ, ಬನ್ನಿನ ಒಳಗೆ ತೇವ ಕಡಿಮೆಯಾಗುತ್ತದೆ, ಆರಿದ ಕೂಡಲೇ ಬಿಗಿಯುತ್ತದೆ. ಮೊಟ್ಟೆ ಹಾಕಿದ ಬನ್ ಆಗಿದ್ದರೆ ಸ್ವಲ್ಪ ಹೊತ್ತು ಮೆತ್ತಗಿರುತ್ತಿತ್ತೇನೋ. ಆದರೆ 1898ರಲ್ಲಿ ಹಾಸನದ ಕಡೆಯ ತಿರುಮಲಾಚಾರ್ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರುಮಾಡಿದ ಕಾಲದಿಂದ ಬಂದ ಅಯ್ಯಂಗಾರ್ ಬೇಕರಿ ಅಂದರೆ ಮೊಟ್ಟೆ ಇಲ್ಲದ್ದೇ. ಇಂಥ ಬನ್ ಅವತ್ತಿನದು ಅವತ್ತೇ, ಒಲೆಯಿಂದ ಬಂದ ಹದದಲ್ಲೇ ತಿನ್ನಬೇಕು. ಪಫ್ಸ್ ಗತಿ ಇನ್ನೂ ಕಷ್ಟ. ಪದರ ಪದರವಾಗಿ ಉದುರಬೇಕಾದದ್ದು ಹಬೆಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬೆಳಗ್ಗೆ ಮೂರು ಗಂಟೆಗೆ ಎದ್ದು ಹಿಟ್ಟು ನಾದಿದವರ ಶ್ರಮ ಮೂವತ್ತು ಸೆಕೆಂಡಿನಲ್ಲಿ ಹಾಳಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಇದಕ್ಕೆ ಪರಿಹಾರ ಅದೇ ಅಂಗಡಿಯ ಎಡಗಡೆ ಇದೆ. "ಅಣ್ಣಾ, ಅದರಲ್ಲಿ ಬೇಡ, ಕಾವಲಿ ಮೇಲೆ ಹಾಕಿಕೊಡಿ" ಅಂದರೆ ಟೋಸ್ಟ್ ಹಾಕುವವರು ಬೇಸರ ಮಾಡಿಕೊಳ್ಳುವುದಿಲ್ಲ. ಬನ್ನನ್ನು ಅಡ್ಡಲಾಗಿ ಸೀಳಿ, ಒಳಭಾಗಕ್ಕೆ ಒಂದು ಚಮಚದಷ್ಟು ಬೆಣ್ಣೆ ಸವರಿ, ಸೀಳಿದ ಬದಿ ಕೆಳಗೆ ಮಾಡಿ ಇಡುತ್ತಾರೆ. ಉರಿ ಸಣ್ಣಗಿರಬೇಕು. ಜೋರಾದರೆ ಬೆಣ್ಣೆ ಸೀಯುತ್ತದೆ, ಒಳಗಿನ ಈರುಳ್ಳಿ ತಣ್ಣಗೇ ಉಳಿಯುತ್ತದೆ. ಒಂದೂವರೆ ನಿಮಿಷಕ್ಕೆ ಅಂಚು ಹೊಂಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಮಗುಚಿ ಅರ್ಧ ನಿಮಿಷ. ಕಾವಲಿಗೆ ತಾಗಿದ ಈರುಳ್ಳಿ ಚೂರುಗಳು ಕೆಂಪಾಗಿ ಸಿಹಿಯಾಗುತ್ತವೆ, ಸಬ್ಬಸಿಗೆಯ ಘಮ ಏಳುತ್ತದೆ. ಮೇಲೆ ಕಾಂಗ್ರೆಸ್ ಅನ್ನುವ ಖಾರ ಮಸಾಲೆಯ ಕಡಲೆಬೀಜ ಹಾಕಿಸಿಕೊಂಡರೆ ಕರಕರ ಅಂತ ಇನ್ನೂ ಚೆಂದ. ಇಷ್ಟು ವರ್ಷ ಬೇಕರಿ ತಿಂಡಿ ತಿಂದರೂ, ಒಲೆಯಿಂದ ಆಗತಾನೇ ಬಂದ ಬನ್ನಿಗೆ ಸಮಾನವಾಗಿ ನಿಲ್ಲುವುದು ನನಗೆ ಇದೊಂದೇ.

ಮನೆಮಂದಿ ಹೋದಾಗ ಮೊದಲು ಮಸಾಲಾ ಟೋಸ್ಟ್ ಹೇಳಿಬಿಡಿ, ಸಂಜೆ ಗಲಾಟೆಯಲ್ಲಿ ಹತ್ತು ನಿಮಿಷ ಹಿಡಿಯುತ್ತದೆ. ಟೋಸ್ಟಿಗೆ ಹಿಂದಿನ ದಿನದ ಬ್ರೆಡ್ಡೇ ವಾಸಿ. ಹೊಸದು ಬೆಣ್ಣೆ ಕುಡಿದು ಮುದ್ದೆಯಾಗುತ್ತದೆ. ಈರುಳ್ಳಿ, ಟೊಮೆಟೊ, ಕ್ಯಾರೆಟ್ ಪಲ್ಯ ಡ್ರೈ ಆಗಿರಬೇಕು, ಇಲ್ಲಿ ಒಮ್ಮೊಮ್ಮೆ ಟೊಮೆಟೊ ನೀರು ಉಳಿದಿರುತ್ತದೆ. ಮಕ್ಕಳಿಗೆ ಪಲ್ಯ ಬೇಡ ಅಂದರೆ ಬರೀ ಬೆಣ್ಣೆ ಟೋಸ್ಟ್ ನಾಲ್ಕು ತುಂಡು ಮಾಡಿಕೊಡುತ್ತಾರೆ. ಹಲ್ಲಿನ ತೊಂದರೆ ಇರುವ ಹಿರಿಯರಿಗೆ ಹನಿ ಕೇಕ್ ಒಳ್ಳೆಯದು. ಪಾಕ ತಳದಲ್ಲಿ ನಿಲ್ಲದೆ ಮೇಲಿಂದ ಕೆಳಗೆ ಒಂದೇ ಸಮ ಇಳಿದಿರಬೇಕು. ಈ ಅಂಗಡಿಯಲ್ಲಿ ಅದು ಯಾವತ್ತೂ ತಪ್ಪಿಲ್ಲ. ಸಕ್ಕರೆ ಬೇಡದವರಿಗೆ ಖಾರಾ ಬಿಸ್ಕತ್ತು, ಕಾಫಿ. ಐದು ಜನ ತಿಂದು ಕುಡಿದರೆ ಮುನ್ನೂರು ರೂಪಾಯಿ ಆಚೀಚೆ ಆಗುತ್ತದೆ, ಈ ಊರಿನಲ್ಲಿ ಅದು ಹೆಚ್ಚಲ್ಲ.

ಹಳೇ ಪೇಪರಿನಲ್ಲಿ ಕೊಟ್ಟರೆ ಬೇಡ ಅನ್ನಿ. ಎಣ್ಣೆ, ಬೆಣ್ಣೆಗೆ ಮುದ್ರಣದ ಶಾಯಿ ಬಿಡುತ್ತದೆ. ಕೇಳಿದರೆ ಬಿಳೀ ಹಾಳೆ ಕೊಡುತ್ತಾರೆ.

ಪಾರ್ಸೆಲ್ ತಗೊಳ್ಳುವಾಗ ಬಿಸಿ ಬನ್ನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಸಬೇಡಿ, ಬೆವರಿ ಸಿಪ್ಪೆ ಸುಕ್ಕಾಗುತ್ತದೆ. ಕಾಗದದ ಕವರಿಗೆ ಹಾಕಿಸಿ, ಬಾಯಿ ತೆರೆದಿಟ್ಟುಕೊಂಡು ಹೋಗಿ. ಬ್ರೆಡ್ಡನ್ನೂ ಬಿಸಿಯಿದ್ದಾಗ ಕತ್ತರಿಸಲು ಕೊಡಬೇಡಿ, ಮೆಷಿನ್ನಿನ ಬ್ಲೇಡಿಗೆ ಹಿಟ್ಟು ಹತ್ತಿ ಹೋಳು ಹರಿಯುತ್ತದೆ. ಉಳಿದ ಬನ್ನನ್ನು ಫ್ರಿಜ್ಜಿನಲ್ಲಿಡಬೇಡಿ, ಅಲ್ಲಿ ಬೇಗ ಗಟ್ಟಿಯಾಗುತ್ತದೆ. ಡಬ್ಬಿಯಲ್ಲಿ ಹೊರಗೇ ಇಟ್ಟು, ಬೆಳಗ್ಗೆ ದೋಸೆ ಕಾವಲಿ ಮೇಲೆ ಸಣ್ಣ ಉರಿಯಲ್ಲಿ, ಸೀಳಿದ ಬದಿ ಕೆಳಗೆ.