ಹಿತ್ತಲಲ್ಲಿ ಹೆಂಪ್ ಬೆಳೆಸಿ, ಲೈಸೆನ್ಸ್ ನಾವು ಕೊಡಿಸ್ತೀವಿ ಅಂತ ಬಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯ ಬೆಳೆಗಾರರು ದಯವಿಟ್ಟು ಪೂರ್ತಿ ಓದಿ. ಓದಿ ಬೇರೆಯವರಿಗೂ ಕಳಿಸಿ. ಹೆಂಪ್ ಅಂದರೆ ನಾರಿಗೆ, ಬೀಜಕ್ಕೆ ಬೆಳೆಯುವ, ಗಾಂಜಾ ಜಾತಿಯದೇ ಗಿಡ. ಅದರ ಬೀಜ, ತಳಿ ಕ್ರಾಸಿಂಗ್ ತರಬೇತಿ, ಲೈಸೆನ್ಸ್, ಬೆಳೆದ ಬೀಜದ ಬೈಬ್ಯಾಕ್ ಎಲ್ಲ ಸೇರಿಸಿ ಒಂದೇ ಪ್ಯಾಕೇಜ್ ಅಂತ ಮಾರುವ ಗುಂಪೊಂದು ನಮ್ಮ ಕಡೆ ಓಡಾಡುತ್ತಿದೆ. ನನ್ನ ಹತ್ತಿರ 38 ಸಾವಿರ ಕಿತ್ತುಕೊಂಡರು. ದುಡ್ಡು ಹೋದದ್ದು ಒಂದು ಕಡೆ ಇರಲಿ, ಆಮೇಲೆ ಅವರ ಕಡೆಯಿಂದ ಮನೆಗೆ ಬಂದಿದ್ದವನು ಆಡಿದ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅವನು ಗಾಂಜಾ ಅನ್ನುವುದೇ ಇಲ್ಲ. ಬಾಯಿ ತಪ್ಪಿಯೂ ಅನ್ನುವುದಿಲ್ಲ. ಹೆಂಪ್, ಹೆಂಪ್, ಬರೀ ಹೆಂಪ್. ನಾರಿನಿಂದ ಬಟ್ಟೆ, ಬೀಜದಿಂದ ಎಣ್ಣೆ, ಆನೆ ಮುಟ್ಟಲ್ಲ, ಮಂಗ ಮುಟ್ಟಲ್ಲ, ಕಾಂಡ ಕೊರಕ ಇಲ್ಲ ಅಂದ. ಕೊರಕ ಹೊಡೆದ ಅರೇಬಿಕಾ ಗಿಡ ಕಿತ್ತು ಕಿತ್ತು ಸುಸ್ತಾದವನ ಎದುರು ಕೂತು ಇಷ್ಟು ಹೇಳಿದರೆ ಸಾಕಲ್ವಾ? ಉತ್ತರಾಖಂಡದಲ್ಲಿ 2018ರಲ್ಲೇ ಸರ್ಕಾರ ಲೈಸೆನ್ಸ್ ಕೊಟ್ಟಿದೆ ಅಂತ ಮೊಬೈಲಿನಲ್ಲಿ ಸುದ್ದಿ ತೋರಿಸಿದ. ಅದು ನಿಜವೇ. ಆದರೆ ಅಲ್ಲಿ ಅನುಮತಿ ಇರುವುದು ಅಮಲಿನ ಅಂಶ 0.3 ಶೇಕಡಾಕ್ಕಿಂತ ಕಡಿಮೆ ಇರುವ ತಳಿಗೆ ಮಾತ್ರ. ಅದನ್ನು ನುಂಗಿಕೊಂಡ. ನನಗೆ ಮಾರಿದ್ದು ಏನು ಗೊತ್ತಾ? ‘ಇಡುಕ್ಕಿಯ ಸಣ್ಣೆಲೆ ನಾಟಿ ತಳಿ, ನೂರು ವರ್ಷದಿಂದ ಶುದ್ಧವಾಗಿ ಉಳಿಸಿದ್ದು.’ ಕೇರಳದ ಇಡುಕ್ಕಿ ಹೆಸರುವಾಸಿಯಾಗಿರುವುದು ಗಾಂಜಾಕ್ಕೆ. ನಾರಿಗಂತೂ ಅಲ್ಲ.

ಅದರ ಜೊತೆಗೆ ಹಿಮಾಲಯದ ಇನ್ನೊಂದು ತಳಿ. ಎರಡನ್ನೂ ಮನೆಯಲ್ಲೇ ಕ್ರಾಸ್ ಮಾಡಿದರೆ ಬರುವ ಬೀಜವನ್ನು ಅವರೇ ಕೊಳ್ಳುತ್ತಾರಂತೆ. ‘ಮೊದಲನೇ ವರ್ಷದ ಬೀಜವೇ ಪಕ್ಕಾ ತಳಿ ಸಾರ್, ಒಂದರಂತೆ ಒಂದು ಬರುತ್ತೆ’ ಅಂದ. ಇದನ್ನು ಕಾಫಿಯವರ ಹತ್ತಿರ ಹೇಳುತ್ತಾನಲ್ಲ, ಧೈರ್ಯ ನೋಡಿ. ರೊಬಸ್ಟಾ ಬೀಜ ಹಾಕಿದರೆ ಒಂದು ಗಿಡದ ಹಾಗೆ ಇನ್ನೊಂದು ಇರುವುದಿಲ್ಲ, ಅದಕ್ಕೇ ಕಸಿ ಕಟ್ಟುತ್ತೇವೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಅಂಥವರು ಸೆಲೆಕ್ಷನ್ 795 ಅನ್ನೋ ಒಂದು ಅರೇಬಿಕಾ ತಳಿ ಕೊಡಬೇಕಾದರೆ ವರ್ಷಗಟ್ಟಲೆ ಗಿಡ ಆರಿಸಿದ್ದಾರೆ. ಇವನದು ಒಂದೇ ವರ್ಷದಲ್ಲಿ ಪಕ್ಕಾ! ನಾನು ಇದನ್ನೇ ಕೇಳಿದೆ. ‘ಸಾರ್, ಕಾಫಿ ಬೇರೆ, ಹೆಂಪ್ ಬೇರೆ’ ಅಂದ. ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು, ಅಕ್ಕ ಅಂತ ಕರೆದು, ಕಾಲಿಗೂ ಬಿದ್ದು ಹೋದ. ಅಕ್ಕನಂತೆ.

ಲೈಸೆನ್ಸ್ ಕೈಗೆ ಬಂದ ಮೇಲೆ ಮಾತ್ರ ಬಿತ್ತೋದು ಅಂತ ನಾನು ಮೊದಲೇ ಖಡಾಖಂಡಿತವಾಗಿ ಹೇಳಿದ್ದೆ. ಅದಕ್ಕೆ ಒಪ್ಪಿದ. ದುಡ್ಡು ಹೋಯಿತು, ಸ್ವಲ್ಪ ದಿನದಲ್ಲಿ ಕೊರಿಯರ್ ಬಂತು. ಒಳಗೆ ಎರಡು ಪೊಟ್ಟಣ, ಒಂದು ಸಣ್ಣ ಬ್ರಷ್, ಬಣ್ಣದ ಕಾಗದ, ಲ್ಯಾಮಿನೇಟ್ ಮಾಡಿದ ಒಂದು ಸರ್ಟಿಫಿಕೇಟ್. ಒಂದು ಪೊಟ್ಟಣದ ಮೇಲೆ ‘ಗಂಡು’, ಇನ್ನೊಂದರ ಮೇಲೆ ‘ಹೆಣ್ಣು’.

ಗಂಡು, ಹೆಣ್ಣು! ಈ ಗಿಡದಲ್ಲಿ ಗಂಡು ಬೇರೆ ಹೆಣ್ಣು ಬೇರೆ ಇರುವುದು ಸರಿ. ಆದರೆ ಬೀಜ ನೋಡಿ ಅದನ್ನು ಹೇಳೋಕಾಗುತ್ತಾ? ನಮ್ಮ ತೋಟದ ಜಾಯಿಕಾಯಿಯೇ ಹೂ ಬಿಡುವವರೆಗೆ ಗುಟ್ಟು ಬಿಟ್ಟುಕೊಡುವುದಿಲ್ಲ. ಗಂಡು ಪೊಟ್ಟಣದಲ್ಲಿ ಕಂದು ಬಣ್ಣದ ಗುಂಡು ಬೀಜ. ಹೆಣ್ಣು ಪೊಟ್ಟಣದಲ್ಲಿ ಬೆಳ್ಳಗೆ, ಮೆತ್ತಗೆ, ಎಣ್ಣೆ ಎಣ್ಣೆ. ನನ್ನ ಹೆಂಡತಿ ಎರಡನ್ನೂ ಅಂಗೈಯಲ್ಲಿ ಹಾಕಿಕೊಂಡು ಉಗುರಿನಲ್ಲಿ ಗಂಡು ಬೀಜ ಒಡೆದಳು. ಒಳಗಿನಿಂದ ಹೆಣ್ಣು ಬಂತು.

‘ಇದು ಸಿಪ್ಪೆ ತೆಗೆದಿದ್ದು ಕಣ್ರೀ, ಅಷ್ಟೇ’ ಅಂದಳು.

ಸಿಪ್ಪೆ ತೆಗೆದ ಬೀಜ. ತಿನ್ನೋಕೆ ಮಾರುವ ಬೀಜ. ಅದು ಮೊಳಕೆಯೇ ಬರುವುದಿಲ್ಲ, ಬಿತ್ತಿದರೆ ಮಣ್ಣಿನಲ್ಲಿ ಕೊಳೆಯುತ್ತದೆ. ಅದನ್ನು ಹೆಣ್ಣು ಅಂತ ಜಾಸ್ತಿ ರೇಟಿಗೆ ಕೊಟ್ಟಿದ್ದಾನೆ. ತೋಟಗಾರಿಕೆ ಓದುತ್ತಿರುವ ನಮ್ಮಣ್ಣನ ಮಗಳು ಆ ಬ್ರಷ್ ನೋಡಿ ನಕ್ಕಳು. ಈ ಗಿಡದ ಪರಾಗ ಗಾಳಿಯಲ್ಲೇ ಕಿಲೋಮೀಟರ್‌ಗಟ್ಟಲೆ ಹೋಗುತ್ತದಂತೆ. ಹಿತ್ತಲಲ್ಲಿ ಅಕ್ಕಪಕ್ಕ ನೆಟ್ಟು ಎರಡು ತಳಿಯನ್ನೂ ಶುದ್ಧವಾಗಿ ಇಟ್ಟುಕೊಳ್ಳಿ ಅಂತ ಆ ಕಾಗದದಲ್ಲಿ ಬರೆದದ್ದು ಬರೀ ಬೊಗಳೆ ಅಂದಳು. ‘ಚಿಕ್ಕಪ್ಪ, ಹೆಸರೂ ಕಲಸುಮೇಲೋಗರ. ಇಂಡಿಕಾ ಅಂತ ಲಾಮಾರ್ಕ್ ಅನ್ನೋ ಸಸ್ಯವಿಜ್ಞಾನಿ 1785ರಲ್ಲಿ ಹೆಸರಿಟ್ಟಿದ್ದೇ ಭಾರತದ ಗಿಡಕ್ಕೆ. ಇವರು ಅದೇ ಭಾರತದ ಗಿಡಕ್ಕೆ ಶುದ್ಧ ಸಟೈವಾ ಅಂತ ಇನ್ನೊಂದು ಜಾತಿಯ ಹೆಸರು ಹಾಕಿದಾರೆ’ ಅಂದಳು. ವ್ಯಾಪಾರದವರೆಲ್ಲ ಹಾಗೇ ಕರೀತಾರಂತೆ, ಇರಲಿ.

ಫೋನ್ ಮಾಡಿದೆ. ಅವನ ಉತ್ತರ ಕೇಳಿ: ‘ಸಾರ್, ಹೆಣ್ಣು ಬೀಜ ಸ್ವಲ್ಪ ಬೆಳ್ಳಗೇ ಇರುತ್ತೆ.’

ಎಷ್ಟು ತಣ್ಣಗೆ ಹೇಳಿದ ಅಂದರೆ, ಫೋನ್ ಇಟ್ಟು ಎರಡು ನಿಮಿಷ ನಾನು ಸುಮ್ನೆ ಕೂತಿದ್ದೆ. ಬೆಳ್ಳಗೇ ಇರುತ್ತಂತೆ.

ಸರ್ಟಿಫಿಕೇಟ್ ಹಿಡಿದು ಚಿಕ್ಕಮಗಳೂರಿನಲ್ಲಿ ಪರಿಚಯದ ವಕೀಲರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ನೋಡಿ, ‘ಇದು 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಮಾರಾಯ್ರೆ. ಚಿಪ್ಸ್ ಪ್ಯಾಕೆಟ್ ಮೇಲೂ ಇರುತ್ತೆ’ ಅಂದರು. 2021ರಲ್ಲಿ ಹೆಂಪ್ ಬೀಜ, ಎಣ್ಣೆ, ಹಿಟ್ಟನ್ನು ಆಹಾರವಾಗಿ ಮಾರಲು ಒಪ್ಪಿಗೆ ಸಿಕ್ಕಿದೆ. ತಿನ್ನೋಕೆ. ಬೆಳೆಯೋಕೆ ಅಲ್ಲ. ಆ ನಂಬರನ್ನೇ ‘ಕೇಂದ್ರ ಸರ್ಕಾರದ ಕೃಷಿ ಲೈಸೆನ್ಸ್’ ಅಂತ ಅಚ್ಚು ಹಾಕಿಸಿದ್ದಾನೆ. ಅಲ್ಲಿ ಕಾಯುತ್ತಿದ್ದ ಕಕ್ಷಿದಾರರೂ ನಕ್ಕರು. ನನಗೆ ತಲೆ ಎತ್ತೋಕಾಗಲಿಲ್ಲ.

ವಕೀಲರು ಹೇಳಿದ್ದನ್ನು ಇಲ್ಲಿ ಹಾಕುತ್ತೇನೆ, ಇದು ಎಲ್ಲರಿಗೂ ಗೊತ್ತಿರಬೇಕು. ಎನ್‌ಡಿಪಿಎಸ್ ಅಂದರೆ ಮಾದಕ ವಸ್ತು ಕಾಯ್ದೆ 1985ರದ್ದು. ಅನುಮತಿ ಇಲ್ಲದೆ ಭಂಗಿ (ಗಾಂಜಾ) ಗಿಡ ಬೆಳೆದರೆ ಕಲಂ 20ರಲ್ಲಿ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಹೆಂಪ್ ಅಂತ ಕರೆದರೂ ಅಷ್ಟೇ, ನಾಟಿ ಅಂದರೂ ಅಷ್ಟೇ, ಹಿತ್ತಲಾದರೂ ಅಷ್ಟೇ. ಇನ್ನೊಂದು, ತೋಟದವರು ಗಮನಿಸಿ: ನಮ್ಮ ಜಮೀನಿನಲ್ಲಿ ಬೇರೆ ಯಾರೋ ನೆಟ್ಟಿದ್ದು ಗೊತ್ತಿದ್ದೂ ತಿಳಿಸದೆ ಕೂತರೆ ಕಲಂ 46ರಲ್ಲಿ ಮಾಲೀಕನ ತಲೆಗೇ ಬರುತ್ತದೆ. ಕೆಲಸದವರ ಲೈನ್ ಮನೆಗಳ ಹಿಂದೆ ಒಂದು ಸುತ್ತು ಹಾಕಿ ಬನ್ನಿ.

ಈಗ ಆ ಮಾತಿಗೆ ಬರುತ್ತೇನೆ. ದುಡ್ಡು ವಾಪಸ್ ಕೊಡು ಅಂದೆ. ಮೊದಲು ‘ಆಫೀಸಿನಲ್ಲಿ ಕೇಳ್ತೀನಿ ಸಾರ್’. ಆಮೇಲೆ ‘ಬೇಕಾದರೆ ಬೇರೆ ಬ್ಯಾಚ್ ಬೀಜ ಕಳಿಸ್ತೀನಿ’. ನಾನು ಬಿಡಲಿಲ್ಲ. ಆಗ ಬಂತು ವಾಟ್ಸಾಪಿನಲ್ಲಿ: ‘ಗಾಂಜಾ ಬೀಜ ತರಿಸಿಕೊಂಡಿದ್ದು ನೀವು. ಕೊರಿಯರ್ ನಿಮ್ಮ ಹೆಸರಿಗೇ ಬಂದಿದೆ. ಅಬಕಾರಿಯವರಿಗೆ ವಿಳಾಸ ಕೊಡಲಾ?’

ಅಲ್ಲಿಯವರೆಗೆ ಹೆಂಪ್. ದುಡ್ಡು ಕೇಳಿದ ಕೂಡಲೇ ಗಾಂಜಾ! ಇವರ ವ್ಯಾಪಾರ ನಿಂತಿರುವುದೇ ಇದರ ಮೇಲೆ. ಕಳೆದುಕೊಂಡವನು ಹೆದರಿ, ನಾಚಿಕೊಂಡು, ಯಾರಿಗೂ ಹೇಳದೆ ಕೂರುತ್ತಾನೆ ಅಂತ ಅವರಿಗೆ ಗೊತ್ತು. ನಮ್ಮೂರಿನಲ್ಲೇ ಇನ್ನೂ ಇಬ್ಬರು ಕೊಟ್ಟಿದ್ದಾರೆ ಅಂತ ನನಗೆ ಗುಮಾನಿ ಇದೆ, ಬಾಯಿ ಬಿಡುತ್ತಿಲ್ಲ.

ವಕೀಲರನ್ನು ಕೇಳಿದರೆ, ಗಾಂಜಾ ಅನ್ನುವುದರ ವ್ಯಾಖ್ಯೆಯಲ್ಲಿ ಹೂವಿನ ತೆನೆ ಜೊತೆಗಿಲ್ಲದ ಬರೀ ಬೀಜ ಸೇರುವುದಿಲ್ಲ, ನೀವು ಬಿತ್ತಿಯೂ ಇಲ್ಲ, ಧೈರ್ಯವಾಗಿ ದೂರು ಕೊಡಿ ಅಂದರು. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ, ಠಾಣೆಯಲ್ಲೂ ಬರೆದುಕೊಟ್ಟೆ. ಪೊಟ್ಟಣ, ಮೆಸೇಜು, ಪಾವತಿ ವಿವರ ಎಲ್ಲ ಒಪ್ಪಿಸಿದೆ. ದುಡ್ಡು ಬಂದಿಲ್ಲ. ಖಾತೆಯಿಂದ ಅದೇ ದಿನ ಬೇರೆ ಕಡೆ ಹೋಗಿದೆಯಂತೆ. ನೀವು ಕೊಟ್ಟಿದ್ದರೆ ನನ್ನಷ್ಟು ತಡ ಮಾಡಬೇಡಿ, ಗೊತ್ತಾದ ಗಂಟೆಯಲ್ಲೇ 1930ಕ್ಕೆ ಹೇಳಿ. ಮೆಸೇಜು ಡಿಲೀಟ್ ಮಾಡಬೇಡಿ. ಬೀಜ ಬಂದಿದ್ದರೆ ಒಂದನ್ನೂ ಮಣ್ಣಿಗೆ ಹಾಕಬೇಡಿ. ಗಿಡ ಎದ್ದರೆ ಆಮೇಲೆ ಅವನ ಬೆದರಿಕೆಗೆ ನಿಜವಾಗಿಯೂ ಬಲ ಬಂತು ಅಂತ ಲೆಕ್ಕ.

ಮೊನ್ನೆ ಹಾನುಬಾಳು ಕಡೆಯ ಸ್ನೇಹಿತರೊಬ್ಬರು ಒಂದು ಫೋಟೊ ಕಳಿಸಿ ‘ಇದು ಹೇಗಿದೆ ನೋಡಿ’ ಅಂದರು. ಕಂಪನಿ ಹೆಸರು ಬೇರೆ, ರೇಟು 25 ಸಾವಿರಕ್ಕೆ ಇಳಿದಿದೆ, ಕಾಗದ ಮಾತ್ರ ಅದೇ, ಅದೇ ತಪ್ಪು ಕಾಗುಣಿತ. ತಕ್ಷಣ ಫೋನ್ ಮಾಡಿದೆ. ಅಷ್ಟರಲ್ಲಿ 5 ಸಾವಿರ ಅಡ್ವಾನ್ಸ್ ಕೊಟ್ಟಾಗಿತ್ತು.